ಬುತ್ತಿ, ರೈಲು, ಚಿಗರಿ ಬಸ್: ದಿನಾ ಓಡಾಡುವ ವಿದ್ಯಾರ್ಥಿ ಶುಗರ್ ಹಿಡಿತದಲ್ಲಿಡುವುದು ಹೇಗೆ?

ನಾನು ಅಣ್ಣಿಗೇರಿಯವಳು. ಓದುವುದು ಧಾರವಾಡದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಬೆಳಗ್ಗೆ ಏಳರ ಸುಮಾರಿಗೆ ರೈಲು ಹತ್ತುತ್ತೇನೆ. ಹುಬ್ಬಳ್ಳಿಯಲ್ಲಿ ಇಳಿದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್, ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಇಳಿದು ಇನ್ನೊಂದು ಬಸ್. ವಾಪಸ್ ಮನೆ ಮುಟ್ಟುವಾಗ ರಾತ್ರಿ ಎಂಟಾಗಿರುತ್ತದೆ. ಎರಡು ವರ್ಷದ ಹಿಂದೆ, 22ನೇ ವಯಸ್ಸಿಗೆ, ನನಗೆ ಟೈಪ್ 2 ಡಯಾಬಿಟಿಸ್ ಇದೆ ಅಂತ ಗೊತ್ತಾಯಿತು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.1 ಇತ್ತು. ಈಗ 6.6 ಇದೆ.

ಶುಗರ್ ಇದ್ದವರಿಗೆ ಸಿಗುವ ಸಲಹೆಗಳೆಲ್ಲ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ಕೂತು ಉಣ್ಣುವವರಿಗೆ ಬರೆದಂತೆ ಇರುತ್ತವೆ. ದಿನಕ್ಕೆ ಐದಾರು ತಾಸು ದಾರಿಯಲ್ಲೇ ಕಳೆಯುವವರು ಏನು ಮಾಡಬೇಕು? ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಇದೇ ಕ್ರಮದಲ್ಲಿ ಮಾಡಿ, ಮೊದಲನೆಯದನ್ನಂತೂ ದಾಟಿ ಮುಂದೆ ಹೋಗಬೇಡಿ.

ಮೊದಲು ಮಾತ್ರೆ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ

ಊಟ ಬದಲಿಸುವ ಮುಂಚೆ ನೀವು ತಗೊಳ್ಳುವ ಔಷಧಿ ಯಾವುದು ಅಂತ ತಿಳಿಯಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುತ್ತಿದ್ದರೆ ಶುಗರ್ ತೀರಾ ಕೆಳಗೆ ಬೀಳುವ ಭಯ ಕಡಿಮೆ. ಆದರೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತರಹದ ಮಾತ್ರೆಗಳು ಹೊಟ್ಟೆಯಲ್ಲಿ ಅನ್ನ ಇರಲಿ ಬಿಡಲಿ, ದೇಹದಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತವೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಅದೇ ಮಾತು. ಇವರು ಅನ್ನ ರೊಟ್ಟಿ ಕಡಿಮೆ ಮಾಡಿದರೆ ಡೋಸ್ ಕೂಡ ಕಡಿಮೆಯಾಗಬೇಕು. ಅದನ್ನು ಡಾಕ್ಟರೇ ಮಾಡಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಇವುಗಳ ಜೊತೆ ಕಾರ್ಬ್ (ಕಾರ್ಬೊಹೈಡ್ರೇಟ್, ಅಂದರೆ ಅನ್ನ ರೊಟ್ಟಿಯಲ್ಲಿರುವ ಪಿಷ್ಟ, ಸಕ್ಕರೆ) ತೀರಾ ಇಳಿಸಿದರೆ ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಏರದೆಯೇ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ತುಂಬಿ ಆಸ್ಪತ್ರೆ ಸೇರುವಂತಾಗಬಹುದು. ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ಕೂಡ ಕೇಳದೇ ಶುರು ಮಾಡಬಾರದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಆಗ ನನಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಎರಡೂ ಸೇರಿದ ಮಾತ್ರೆ ಇತ್ತು. ಯಾರನ್ನೂ ಕೇಳದೆ ಒಂದು ವಾರ ಅನ್ನ ಬಿಟ್ಟೆ, ರೊಟ್ಟಿ ಅರ್ಧ ಮಾಡಿದೆ. ಆ ಗುರುವಾರ ಸಂಜೆ ರೈಲು ಕುಸುಗಲ್ ದಾಟಿ ಸಿಗ್ನಲ್‌ಗೆ ನಿಂತುಬಿಟ್ಟಿತ್ತು. ಮೊದಲು ಕೈ ನಡುಗಿತು. ಆಮೇಲೆ ಕುತ್ತಿಗೆ ಹಿಂದೆ ತಣ್ಣಗೆ ಬೆವರು. ಎದುರಿನ ಸೀಟಿನವರ ಮಾತು ಕೇಳುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಹೇಗೋ ಮೀಟರ್ ತೆಗೆದು ನೋಡಿದರೆ 58. ಚೀಲದಲ್ಲಿ ಸಿಹಿ ಅನ್ನುವುದು ಏನೂ ಇಲ್ಲ. ಎದುರಿಗಿದ್ದ ಅಜ್ಜಿ ಸಂತೆಚೀಲದಿಂದ ಬೆಲ್ಲದ ಚೂರು ಮುರಿದು, "ಬಾಯಾಗ ಹಾಕ್ಕೊ ಯವ್ವಾ, ಆಮ್ಯಾಲ ಮಾತಾಡೂಣಂತ" ಅಂದರು. ಇಪ್ಪತ್ತು ನಿಮಿಷದ ನಂತರ 84 ಬಂತು. ಮರುದಿನವೇ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಗ್ಲಿಮೆಪಿರೈಡ್ ಮೊದಲು ಅರ್ಧ ಮಾಡಿ, ಎರಡು ತಿಂಗಳ ಮೇಲೆ ನಿಲ್ಲಿಸಿದರು.

ಚೀಲದ ಮುಂದಿನ ಖಾನೆಯಲ್ಲಿ ಒಂದು ಪೊಟ್ಟಣ

ಅಂದಿನಿಂದ ನನ್ನ ಚೀಲದ ಮುಂದಿನ ಖಾನೆ ಇದಕ್ಕೇ ಮೀಸಲು. ಗ್ಲೂಕೋಸ್ ಪುಡಿಯನ್ನು ಚಿಕ್ಕ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಕಟ್ಟಿಡುತ್ತೇನೆ, ಒಂದೊಂದರಲ್ಲಿ 15 ಗ್ರಾಂ. ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ ಒಂದು ಪೊಟ್ಟಣ ನೀರಿಗೆ ಹಾಕಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇನ್ನೂ 70 ದಾಟಿರದಿದ್ದರೆ ಇನ್ನೊಂದು. ಪುಡಿ ಇಲ್ಲದಿದ್ದರೆ ಮೂರು ಚಮಚ ಸಕ್ಕರೆ ನಡೆಯುತ್ತದೆ. ನಡುಕ ಬೆವರು ಇದ್ದು ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಮೊದಲು ಸಿಹಿ ತಗೊಳ್ಳಿ.

ಧಾರವಾಡದಲ್ಲಿದ್ದೀವಲ್ಲ ಅಂತ ಇದಕ್ಕೆ ಪೇಡಾ ಇಟ್ಟುಕೊಳ್ಳಬೇಡಿ. ಚಾಕೊಲೇಟ್ ಕೂಡ ಬೇಡ. ಅವುಗಳಲ್ಲಿನ ಕೊಬ್ಬು ಸಕ್ಕರೆಯನ್ನು ರಕ್ತಕ್ಕೆ ತಡವಾಗಿ ಬಿಡುತ್ತದೆ. ಶೇಂಗಾ ಅಂತೂ ಕೆಲಸಕ್ಕೇ ಬರುವುದಿಲ್ಲ. ಶುಗರ್ ಏರಿದ ಮೇಲೆ, ಊಟಕ್ಕೆ ಇನ್ನೂ ತಾಸಿಗಿಂತ ಜಾಸ್ತಿ ಇದ್ದರೆ, ಎರಡು ಬಿಸ್ಕತ್ತೋ ಅರ್ಧ ರೊಟ್ಟಿಯೋ ತಿನ್ನಿ. ಗ್ಲಿಮೆಪಿರೈಡ್ ತರಹದ ಮಾತ್ರೆಯಿಂದ ಬಿದ್ದ ಶುಗರ್ ಕೆಲವು ತಾಸಿನ ಮೇಲೆ ಮತ್ತೆ ಬೀಳಬಹುದು, ಅಂದು ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ನೋಡಿ.

ಜೊತೆಯಲ್ಲಿ ಓಡಾಡುವ ಒಬ್ಬರಿಗಾದರೂ ನಿಮ್ಮ ಕಾಯಿಲೆ ಗೊತ್ತಿರಲಿ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬಾರದು, ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು ಅಂತ ಅವರಿಗೆ ಮೊದಲೇ ಹೇಳಿಡಿ.

ರೊಟ್ಟಿಯನ್ನು ತಕ್ಕಡಿಗೆ ಹಾಕಿ

ನನಗೆ ಎಲ್ಲರೂ ಹೇಳಿದ್ದು ಒಂದೇ: "ಅನ್ನ ಬಿಡು, ಜೋಳದ ರೊಟ್ಟಿ ಎಷ್ಟರ ತಿನ್ನು." ತಿಂದೆ. ಶುಗರ್ ಇಳಿಯಲಿಲ್ಲ. ಆಗ ಪಕ್ಕದ ಕಿರಾಣಿ ಅಂಗಡಿಯಿಂದ ತಕ್ಕಡಿ ತಂದು, ಅವ್ವ ಒಂದು ರೊಟ್ಟಿಗೆ ತಗೊಳ್ಳುವ ಹಿಟ್ಟನ್ನು ತೂಗಿದೆ. 60 ಗ್ರಾಂ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 68 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. ಅಂದರೆ ನಮ್ಮ ಮನೆಯ ಒಂದು ರೊಟ್ಟಿಯಲ್ಲಿ 40 ಗ್ರಾಂ. ಮೂರು ತಿಂದರೆ 120. ಕಡಿಮೆ ಕಾರ್ಬ್ ಊಟ ಅಂತ ಸಾಮಾನ್ಯವಾಗಿ ಹೇಳುವುದು ದಿನಕ್ಕೆ 130 ಗ್ರಾಂ ಒಳಗಿನದ್ದನ್ನು. ಇಡೀ ದಿನದ ಲೆಕ್ಕವನ್ನು ನಾನು ಒಂದೇ ಊಟದಲ್ಲಿ ಮುಗಿಸುತ್ತಿದ್ದೆ!

ಜೋಳ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಅದರಲ್ಲಿ ನಾರು ಇದೆ, ಬಿಳಿ ಅಕ್ಕಿಗಿಂತ ಎಷ್ಟೋ ವಾಸಿ. ಆದರೆ ಎಷ್ಟು ತಿಂದರೂ ನಡೆಯುತ್ತದೆ ಅನ್ನುವ ನಂಬಿಕೆ ನಮ್ಮ ಭಾಗದ ಶುಗರ್ ಪೇಶಂಟ್‌ಗಳಿಗೆ ಬಹಳ ತೊಂದರೆ ಕೊಡುತ್ತಿದೆ. ನಮ್ಮ ಅವ್ವನಿಗೂ ಶುಗರ್ ಇದೆ, ಅವಳೂ ಹಾಗೇ ನಂಬಿದ್ದಳು.

ನಿಮ್ಮ ಮನೆಯದ್ದನ್ನೂ ಒಮ್ಮೆ ತೂಗಿ ನೋಡಿ. ತೆಳ್ಳಗೆ ಬಡಿದ ಕಡಕ್ ರೊಟ್ಟಿ ನಮ್ಮಲ್ಲಿ 35 ಗ್ರಾಂ ಹಿಟ್ಟಿನಲ್ಲಿ ಆಗುತ್ತದೆ, ಅದಕ್ಕೆ 24 ಗ್ರಾಂ ಕಾರ್ಬ್. ಒಂದು ಬಟ್ಟಲು, ಅಂದರೆ 150 ಗ್ರಾಂನಷ್ಟು ಅನ್ನಕ್ಕೆ 40ರ ಸುಮಾರು. ಒಂದು ಹಿಡಿ, 30 ಗ್ರಾಂ ಶೇಂಗಾಕ್ಕೆ ಬರೀ 5. ಎರಡು ಚಮಚ ಸಕ್ಕರೆಯ ಚಹಾಕ್ಕೆ ಸಕ್ಕರೆಯದ್ದೇ 8ರಿಂದ 10, ದಿನಕ್ಕೆ ನಾಲ್ಕು ಕುಡಿದರೆ ಒಂದು ರೊಟ್ಟಿಯ ಲೆಕ್ಕ ಹೋಯಿತು. ಚಹಾದ ಸಕ್ಕರೆ ಬಿಡುವುದೇ ಎಲ್ಲಕ್ಕಿಂತ ಸುಲಭದ ಕೆಲಸ. ಹದಿನೈದು ದಿನ ಕಷ್ಟ, ಆಮೇಲೆ ಸಕ್ಕರೆ ಹಾಕಿದ್ದೇ ಸೇರುವುದಿಲ್ಲ.

ಶುರುವಿಗೆ ದಿನಕ್ಕೆ 120ರಿಂದ 130 ಸಾಕು. ಇಪ್ಪತ್ತು, ಮೂವತ್ತು ಗ್ರಾಂಗೆ ಇಳಿಸುವ ಕೀಟೋ ಊಟ ದಿನಾ ಇಷ್ಟು ದೂರ ಓಡಾಡುವವರಿಗೆ ಬೇಡ ಅಂತ ನನ್ನ ಅನಿಸಿಕೆ. ಅದನ್ನು ಸಂಭಾಳಿಸುವಷ್ಟು ಅಡುಗೆ, ದುಡ್ಡು, ಡಾಕ್ಟರ್ ಭೇಟಿ ವಿದ್ಯಾರ್ಥಿ ಕೈಗೆ ಸಿಗುವುದಿಲ್ಲ.

ನಿಮ್ಮ ರಕ್ತ ಏನು ಹೇಳುತ್ತದೆ, ಕೇಳಿ

ಮೀಟರ್‌ಗೆ ಹಾಕುವ ಸ್ಟ್ರಿಪ್ ದುಬಾರಿ, ದಿನಾ ನಾಲ್ಕು ಸಲ ಚುಚ್ಚಿ ನೋಡುವುದು ನನ್ನ ಕೈಲಾಗದು. ಅದಕ್ಕೆ ಜೋಡಿ ಲೆಕ್ಕ ಮಾಡುತ್ತೇನೆ. ಒಂದು ತಿನಿಸು ಆರಿಸಿಕೊಂಡು ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ತಾಸಿಗೆ ಇನ್ನೊಮ್ಮೆ. ವಾರಕ್ಕೆ ಮೂರು ಜೋಡಿ, ಆರು ಸ್ಟ್ರಿಪ್. ಊಟಕ್ಕೆ ಮುಂಚೆ 80ರಿಂದ 130, ಎರಡು ತಾಸಿನ ಮೇಲೆ 180ರ ಒಳಗೆ ಇರಲಿ ಅನ್ನುವುದು ಸಾಮಾನ್ಯ ಗುರಿ. ನಿಮ್ಮ ಡಾಕ್ಟರ್ ಬೇರೆ ಹೇಳಿದ್ದರೆ ಅದನ್ನೇ ಹಿಡಿಯಿರಿ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟ ಎರಡು ಸಾಲು ಹೇಳುತ್ತೇನೆ. ಚುರುಮರಿಯ ಗಿರ್ಮಿಟ್ ಒಂದು ಪ್ಲೇಟ್: ಮುಂಚೆ 104, ಆಮೇಲೆ 197. ಅದೇ ಹೊತ್ತಿಗೆ ಇನ್ನೊಂದು ದಿನ ಕಡಲೆಹಿಟ್ಟಿನ ಝುಣಕದ ವಡಿ ನಾಲ್ಕು, ಒಂದು ಸವತಿಕಾಯಿ: ಮುಂಚೆ 109, ಆಮೇಲೆ 131. ಚುರುಮರಿ ನೋಡಲು ಹಗುರ, ಆದರೆ ಅದು ಅಕ್ಕಿಯೇ ಅಲ್ವಾ? ಈ ಎರಡು ಸಾಲು ಓದಿದ ಮೇಲೆ ಯಾರೂ ನನಗೆ ಬುದ್ಧಿ ಹೇಳುವ ಅಗತ್ಯ ಬೀಳಲಿಲ್ಲ. ಸ್ಟ್ರಿಪ್ ಮುಟ್ಟುವ ಮುಂಚೆ ಕೈ ತೊಳೆಯಿರಿ. ಪೇರಲಹಣ್ಣು ಹೆಚ್ಚಿದ ಬೆರಳಿಗೆ ಚುಚ್ಚಿದರೆ ಹಣ್ಣಿನ ಸಕ್ಕರೆಯೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಬುತ್ತಿ ಕಟ್ಟುವುದು

ಇದೇ ಇಡೀ ಮಾರ್ಗದರ್ಶಿಯ ಜೀವಾಳ. ನಮ್ಮ ಉತ್ತರ ಕರ್ನಾಟಕದ ಅಡುಗೆಯಲ್ಲಿ ಕಡಿಮೆ ಕಾರ್ಬ್ ಊಟಕ್ಕೆ ಬೇಕಾದ್ದೆಲ್ಲ ಆಗಲೇ ಇದೆ. ಬದಲಿಸಬೇಕಾದ್ದು ಪ್ರಮಾಣ ಮಾತ್ರ. ರೊಟ್ಟಿ ನಂಚಿಕೊಳ್ಳಿ, ಪಲ್ಯ ಊಟ ಮಾಡಿ.

ನನ್ನದು ಮೂರು ಅಂಕಣದ ಸ್ಟೀಲ್ ಡಬ್ಬಿ. ಮೊದಲು ದೊಡ್ಡ ಅಂಕಣಕ್ಕೆ ರೊಟ್ಟಿ, ಚಿಕ್ಕದಕ್ಕೆ ಪಲ್ಯ ಹೋಗುತ್ತಿತ್ತು. ಈಗ ದೊಡ್ಡದಕ್ಕೆ ಪಲ್ಯ: ಬದನೆಕಾಯಿ ಎಣ್ಣೆಗಾಯಿ, ಹೀರೇಕಾಯಿ, ಬೆಂಡೆ, ಮೆಂತ್ಯ, ಪುಂಡಿ, ಯಾವುದಾದರೂ. ಎರಡನೆಯದಕ್ಕೆ ಮೊಳಕೆ ಬಂದ ಮಡಿಕಿ ಕಾಳು, ಇಲ್ಲವೇ ಝುಣಕ, ಇಲ್ಲವೇ ಪನೀರ್. ಚಿಕ್ಕದರಲ್ಲಿ ಒಂದು ಕಡಕ್ ರೊಟ್ಟಿ ಮುರಿದು ಹಾಕಿ, ಪಕ್ಕದಲ್ಲಿ ಅಗಸಿ ಹಿಂಡಿ ಅಥವಾ ಗುರೆಳ್ಳು ಹಿಂಡಿ. ಮೊದಲ ದಿನ ಅವ್ವ ಡಬ್ಬಿ ಮುಚ್ಚಲೇ ಇಲ್ಲ. "ಒಂದ ರೊಟ್ಟಿ ತಿಂದು ಸಂಜೀತನಾ ಹೆಂಗ ಇರ್ತಿಯವಾ?" ಅಂತ ಕೈಯಲ್ಲಿ ಇನ್ನೊಂದು ರೊಟ್ಟಿ ಹಿಡಿದೇ ನಿಂತಿದ್ದಳು. ಕಾಳು, ಶೇಂಗಾ, ಮೊಸರು ಸರಿಯಾಗಿ ಇದ್ದರೆ ಹೊಟ್ಟೆ ನಿಲ್ಲುತ್ತದೆ ಅಂತ ಅವಳಿಗೆ ಮಾತಿನಲ್ಲಿ ಒಪ್ಪಿಸಲು ಆಗಲಿಲ್ಲ. ಭಾನುವಾರ ಅದೇ ಡಬ್ಬಿ ಅವಳಿಗೂ ಕೊಟ್ಟೆ. ಸಂಜೆಯವರೆಗೆ ಅವಳು ಏನೂ ಕೇಳಲಿಲ್ಲ.

ಎಣ್ಣೆಗಾಯಿಗೆ, ಶೇಂಗಾ ಹಿಂಡಿಗೆ ಬೆಲ್ಲ ಬೀಳುತ್ತದೆಯಾ ನೋಡಿಕೊಳ್ಳಿ. ನಮ್ಮಲ್ಲಿ ಬೀಳುತ್ತಿತ್ತು, ಬಿಟ್ಟೆವು. ಆಲೂಗಡ್ಡೆ ಪಲ್ಯ ಬುತ್ತಿಗೆ ಬೇಡ.

ನಮ್ಮ ಮನೆಯಲ್ಲಿ ತತ್ತಿ ತರುವುದಿಲ್ಲ. ನೀವು ತಿನ್ನುವವರಾದರೆ ಕುದಿಸಿದ ಎರಡು ತತ್ತಿಗಿಂತ ಸುಲಭದ ತಿಂಡಿ ಇಲ್ಲ. ನನಗೆ ಅದರ ಜಾಗದಲ್ಲಿ ಝುಣಕದ ವಡಿ. ಒಂದು ವಾಟಿ, ಅಂದರೆ 100 ಗ್ರಾಂ ಕಡಲೆಹಿಟ್ಟನ್ನು ಎರಡು ವಾಟಿ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಇಟ್ಟುಕೊಳ್ಳಿ. ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ ಹಾಕಿ. ಉಪ್ಪು ಸೇರಿಸಿ ಹಿಟ್ಟು ಸುರಿದು ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ತಳ ಬಿಟ್ಟು ಮುದ್ದೆಯಾಗಿ ಬಂದಾಗ ಮುಚ್ಚಿ ಎರಡು ನಿಮಿಷ ಬೇಯಿಸಿ, ಎಣ್ಣೆ ಸವರಿದ ತಾಟಿಗೆ ತಟ್ಟಿ. ಮೇಲೆ ಎಳ್ಳು, ಒಣಕೊಬ್ಬರಿ, ಕೊತ್ತಂಬರಿ. ಆರಿದ ಮೇಲೆ ಹತ್ತು ತುಂಡು ಕತ್ತರಿಸಿದರೆ ತುಂಡಿಗೆ 5 ಗ್ರಾಂ ಕಾರ್ಬ್. ರಾತ್ರಿಯೇ ಮಾಡಿಡಬಹುದು, ಸೋರುವುದಿಲ್ಲ, ರೈಲಿನಲ್ಲಿ ಕೈಯಲ್ಲಿ ಹಿಡಿದು ತಿನ್ನಬಹುದು.

ಬೇಸಿಗೆಯಲ್ಲಿ ಮೊಸರು ಮಧ್ಯಾಹ್ನಕ್ಕೆ ಹುಳಿ ಒಡೆಯುತ್ತದೆ. ಅದಕ್ಕೆ ಬೆಳಗ್ಗೆ ಬೆಚ್ಚಗಿನ ಹಾಲಿಗೆ ಅರ್ಧ ಚಮಚ ಹೆಪ್ಪು ಹಾಕಿ ಚಿಕ್ಕ ಡಬ್ಬಿಯಲ್ಲಿ ಒಯ್ಯುತ್ತೇನೆ. ಒಂದು ಗಂಟೆಗೆ ತೆರೆದರೆ ಸಿಹಿ ಮೊಸರು ಆಗಿರುತ್ತದೆ. ಸವತಿಕಾಯಿ, ಗಜ್ಜರಿ, ಮೂಲಂಗಿ ಹೆಚ್ಚಬೇಡಿ, ಇಡಿಯಾಗಿ ಒಯ್ಯಿರಿ. ಏಪ್ರಿಲ್, ಮೇ ತಿಂಗಳಲ್ಲಿ ಮೊಳಕೆ ಕಾಳಿಗೆ ನೀರು ಜಾಸ್ತಿ ಇದ್ದರೆ ಮಧ್ಯಾಹ್ನಕ್ಕೆ ಲೋಳೆ ಬರುತ್ತದೆ, ಚೆನ್ನಾಗಿ ಹುರಿದು ಒಣಗಿಸಿದ ಪಲ್ಯವನ್ನೇ ಕಟ್ಟಿ.

ದಾರಿಯ ಹೊತ್ತು ವ್ಯರ್ಥವಲ್ಲ

ಬೆಳಗ್ಗೆ ಮನೆಯಲ್ಲಿ ಗಡಿಬಿಡಿಯಲ್ಲಿ ತಿನ್ನುವುದನ್ನು ಬಿಟ್ಟೆ. ಹೆಬಸೂರು ಬರುವ ಹೊತ್ತಿಗೆ ರೈಲಿನಲ್ಲೇ ವಡಿಯ ಡಬ್ಬಿ ತೆರೆಯುತ್ತೇನೆ, ಮಾತ್ರೆಯೂ ಆಗಲೇ. ಹುಬ್ಬಳ್ಳಿಯಲ್ಲಿ ಇಳಿದಾಗ ಹೊಟ್ಟೆಗೆ ಬಿದ್ದು ಅರ್ಧ ತಾಸು ಆಗಿರುತ್ತದೆ. ನಡೆಯಲು ಅದೇ ಒಳ್ಳೆಯ ಹೊತ್ತು. ತಿಂದ ಮೇಲೆ ನಡೆದರೆ ಕಾಲಿನ ಮಾಂಸಖಂಡಗಳು ರಕ್ತದ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿದೆ, 1,507 ಮೀಟರ್. 2023ರಲ್ಲಿ ಉದ್ಘಾಟನೆ ಆದದ್ದು. ಒಂದು ತುದಿಯಿಂದ ಇನ್ನೊಂದಕ್ಕೆ ಚುರುಕಾಗಿ ನಡೆದರೆ ಹೆಚ್ಚುಕಡಿಮೆ ಹದಿನೈದು ನಿಮಿಷ. ಮಳೆ ಬಿಸಿಲಿಗೆ ರಸ್ತೆಗಿಂತ ವಾಸಿ. ಬಸ್ಸಿನಲ್ಲಿ ಬರುವವರು ಒಂದು ಸ್ಟಾಪ್ ಮೊದಲೇ ಇಳಿಯಬಹುದು.

ಚಿಗರಿಯಲ್ಲಿ ಸೀಟು ಸಿಗದೆ ನಿಂತೇ ಹೋಗುವ ದಿನ ಮೊದಲು ಬೇಜಾರಾಗುತ್ತಿತ್ತು. ಈಗ ಸಂಜೆಯ ಪ್ರಯಾಣದಲ್ಲಿ ಬೇಕಂತಲೇ ನವನಗರದವರೆಗೆ ನಿಲ್ಲುತ್ತೇನೆ. ಶುಗರ್ ಬೀಳುವ ಔಷಧಿ ತಗೊಳ್ಳುವವರು ಮಾತ್ರ ನಿಲ್ಲುವ ಮುಂಚೆ ಒಮ್ಮೆ ಮೀಟರ್ ನೋಡಿ.

ನಿಜವಾದ ಪರೀಕ್ಷೆ ಸಂಜೆ ಐದೂವರೆಗೆ. ಹಸಿವು, ದಣಿವು, ಎಣ್ಣೆಗೆ ಬಿದ್ದ ಮಿರ್ಚಿಯ ವಾಸನೆ, ಗೆಳತಿಯರ ಕರೆ, ಎಲ್ಲ ಒಟ್ಟಿಗೆ ಬರುತ್ತವೆ. ಹಸಿದು ಗಾಡಿಯ ಮುಂದೆ ನಿಲ್ಲಬೇಡಿ. ನಾಲ್ಕೂವರೆಗೇ ಒಂದು ಹಿಡಿ ಹುರಿದ ಶೇಂಗಾ, ಒಂದು ಲೋಟ ಮಜ್ಜಿಗೆ ಮುಗಿಸಿ. ಆಮೇಲೂ ಆಸೆಯಾದರೆ ಒಂದು ಮಿರ್ಚಿ ತಿನ್ನಿ, ಗಿರ್ಮಿಟ್ ಪ್ಲೇಟಿನಿಂದ ಎರಡು ಚಮಚ ರುಚಿ ನೋಡಿ. ಗೆಳತಿಯರ ಜೊತೆ ನಿಂತು ತಿನ್ನುವ ಖುಷಿಯನ್ನು ಪೂರ್ತಿ ಬಿಡಬೇಕಿಲ್ಲ.

ಬುತ್ತಿ ಇಲ್ಲದ ದಿನ ಕ್ಯಾಂಟೀನಿನ ರೈಸ್‌ಬಾತ್‌ಗಿಂತ ಖಾನಾವಳಿ ಹುಡುಕಿ. ನಮ್ಮ ಲಿಂಗಾಯತ ಖಾನಾವಳಿಗಳಲ್ಲಿ ಎರಡು ಪಲ್ಯ, ಕಾಳು, ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ ಎಲ್ಲ ತಾಟಿಗೆ ಬರುತ್ತದೆ. ಕೂತ ಕೂಡಲೇ "ಅಣ್ಣಾ, ಒಂದ ರೊಟ್ಟಿ ಸಾಕು, ಅನ್ನ ಬ್ಯಾಡ, ಕಾಳ ಪಲ್ಯ ಇನ್ನೊಂದ ಸಲ ಹಾಕ್ರಿ" ಅಂತ ಹೇಳಿಬಿಡಿ. ತಾಟಿಗೆ ಬಂದ ಮೇಲೆ ಬೇಡ ಅನ್ನುವುದು ಕಷ್ಟ. ಮೊದಲು ಉಳ್ಳಾಗಡ್ಡಿ, ಪಲ್ಯ, ಕಾಳು ತಿನ್ನಿ, ರೊಟ್ಟಿಯನ್ನು ಕೊನೆಗೆ ಇಟ್ಟುಕೊಳ್ಳಿ. ಈ ಕ್ರಮದಲ್ಲೇ ಶುಗರ್ ಏರಿಕೆ ಕಡಿಮೆಯಾಗುತ್ತದೆ.

ಇನ್ಸುಲಿನ್ ತಗೊಳ್ಳುವವರಿಗೆ

ಗದಗಿನಿಂದ ನನ್ನ ಜೊತೆ ಬರುವ ಗೆಳತಿಗೆ ಟೈಪ್ 1 ಡಯಾಬಿಟಿಸ್, ಅಂದರೆ ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗುವುದೇ ಇಲ್ಲ. ಅವಳಿಂದ ಕಲಿತದ್ದು ಇಷ್ಟು. ಊಟದ ಇನ್ಸುಲಿನ್ ಅನ್ನು ಅವಳು ಡಬ್ಬಿ ತೆರೆದು ಮುಂದಿಟ್ಟುಕೊಂಡ ಮೇಲೆಯೇ ತಗೊಳ್ಳುತ್ತಾಳೆ. "ಹತ್ತು ನಿಮಿಷದಲ್ಲಿ ಬಸ್ ಬರುತ್ತದೆ, ಹೋಗಿ ತಿಂದರಾಯಿತು" ಅಂತ ಎಂದೂ ಚುಚ್ಚಿಕೊಳ್ಳುವುದಿಲ್ಲ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಅನ್ನು ಊಟ ಕಡಿಮೆ ಇದ್ದರೂ, ಜ್ವರ ಬಂದರೂ ಬಿಡುವುದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಕ್ಲಾಸು, ಪರೀಕ್ಷೆ ಎಲ್ಲ ಬಿಟ್ಟು ನೇರ ಆಸ್ಪತ್ರೆಗೆ ಹೋಗಬೇಕು.

ತೆರೆಯದ ಇನ್ಸುಲಿನ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರ್‌ನಲ್ಲಿ ಅಲ್ಲ. ಬಳಸುತ್ತಿರುವ ಪೆನ್ ಸಾಮಾನ್ಯವಾಗಿ 30 ಡಿಗ್ರಿ ಒಳಗೆ ನಾಲ್ಕು ವಾರ ಇರುತ್ತದೆ, ಪೆಟ್ಟಿಗೆಯೊಳಗಿನ ಚೀಟಿ ಓದಿ. ನಮ್ಮ ಬೇಸಿಗೆ ಅದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಅವಳು ಒದ್ದೆ ಹತ್ತಿ ಬಟ್ಟೆ ಸುತ್ತಿದ ಚಿಕ್ಕ ಡಬ್ಬಿಯನ್ನು ಚೀಲದ ನಡುವೆ, ಪುಸ್ತಕಗಳ ಮಧ್ಯೆ ಇಡುತ್ತಾಳೆ. ಕಿಟಕಿ ಪಕ್ಕ ಬಿಸಿಲಿಗೆ ಇಡುವುದಿಲ್ಲ, ಐಸ್‌ಗೆ ತಾಗಿಸುವುದಿಲ್ಲ. ಕರೆಂಟ್ ಹೋದ ದಿನ ಮನೆಯಲ್ಲಿ ನೀರು ಹಾಕಿದ ಮರಳಿನ ಮೇಲೆ ಮಣ್ಣಿನ ಗಡಿಗೆ ಇಟ್ಟು ಅದರೊಳಗೆ ಇಡುತ್ತಾರೆ.

ತಪಾಸಣೆಯ ದಿನ

ಊಟ ಬದಲಿಸಿದ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಮಾಡಿಸಿ. ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ, ಕಿಡ್ನಿ ಹೇಗಿದೆ ಅಂತ ತಿಳಿಸುವ ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್, ಕೊಲೆಸ್ಟ್ರಾಲ್ ನೋಡಿಸಬೇಕು. ಪಾದಗಳನ್ನು ಮಾತ್ರ ದಿನಾ ರಾತ್ರಿ ನೀವೇ ನೋಡಿ. ಚಪ್ಪಲಿ ತಿಂದ ಗಾಯ, ಬಸ್ಸಿನಲ್ಲಿ ತುಳಿಸಿಕೊಂಡ ಬೆರಳು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಶುಗರ್, ಬಿಪಿಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಕೇಳಿ. ಜನೌಷಧಿ ಕೇಂದ್ರದಲ್ಲಿ ಮೆಟ್‌ಫಾರ್ಮಿನ್ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ.

ಎಚ್‌ಬಿಎ1ಸಿಗೆ ಖಾಲಿ ಹೊಟ್ಟೆ ಬೇಕಿಲ್ಲ. ಕ್ಲಾಸ್ ಮುಗಿಸಿ ಯಾವ ಹೊತ್ತಿಗಾದರೂ ಕೊಡಬಹುದು. ಖಾಲಿ ಹೊಟ್ಟೆಯ ರಕ್ತ ಕೊಡಬೇಕಾದ ದಿನ ಮಾತ್ರ ಉಪವಾಸ ರೈಲು ಹತ್ತಿ ಧಾರವಾಡದವರೆಗೆ ಹೋಗಬೇಡಿ. ರಜೆಯ ದಿನ ನಿಮ್ಮ ಊರಲ್ಲೇ, ಲ್ಯಾಬ್ ಬಾಗಿಲು ತೆರೆದ ಕೂಡಲೇ ಕೊಡಿ. ಮಾತ್ರೆ ಮತ್ತು ತಿಂಡಿ ಡಬ್ಬಿ ಚೀಲದಲ್ಲೇ ಇರಲಿ, ರಕ್ತ ಕೊಟ್ಟ ಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ತಿನ್ನಿ.